ಮೂರನೇ ಬೇಸಿನ ಗ್ಲೌಸು

"ಒಗೀ! ಶ್ರೀದೇವಿ, ಒಗೀ! ಒಗೀ ಅಂದ್ರ ಒಗಿಯೇ!"

ಭಾಗ್ಯಜ್ಯೋತಿ ಗಂಟಲು ಹರಿದುಹೋಗುವ ಹಾಗೆ ಕೂಗಿದಳು. ಚೆಂಡು ದೂರದಲ್ಲಿ, ಹೊಂಗೆಮರದ ಹತ್ತಿರ, ಶ್ರೀದೇವಿಯ ಗ್ಲೌಸಿನೊಳಗಿತ್ತು. ಜೆ.ಪಿ. ನಗರದ ಸ್ಕೂಲಿನ ಉದ್ದ ಜಡೆಯ ಹುಡುಗಿ ಮೂರನೇ ಬೇಸ್ ತುಳಿದು ಹೋಮ್ ಪ್ಲೇಟಿನ ಕಡೆ ಓಡಿ ಬರುತ್ತಿದ್ದಳು. ಅವಳಿಗಿಂತ ಮೊದಲು ಚೆಂಡು ಬಂದರೆ ಔಟ್. ಅವಳೇ ಮೊದಲು ಬಂದರೆ ಒಂದು ರನ್. ಇಡೀ ಮ್ಯಾಚು ಆ ಒಂದು ರನ್ನಿನ ಮೇಲೆ ನಿಂತಿತ್ತು.

ಶ್ರೀದೇವಿ ಎಸೆದಳು. ಚೆಂಡು ಅರ್ಧ ದಾರಿಗೇ ನೆಲಕ್ಕೆ ಬಿತ್ತು. ಒಂದು ಸಲ ಪುಟಿಯಿತು, ಇನ್ನೊಂದು ಸಲ ಪುಟಿಯಿತು. ಆಮೇಲೆ ಮೊಣಕಾಲು ನೋವಿನ ಅಜ್ಜಿ ಹಾಗೆ ನಿಧಾನವಾಗಿ ಉರುಳಿಕೊಂಡು ಬಂತು.

ಉದ್ದ ಜಡೆಯವಳು ಯಾವಾಗಲೋ ಮುಟ್ಟಿಯಾಗಿತ್ತು. ಜೆ.ಪಿ. ನಗರದವರು "ಗೆದ್ವೀ!" ಎಂದು ಕುಣಿದರು.

ಜ್ಯೋತಿ ತನ್ನ ಗ್ಲೌಸು ಕಿತ್ತು ನೆಲಕ್ಕೆ ಬಡಿದಳು. ಅಷ್ಟು ಸಾಲದೆ, ಹೋಗಿ ಮೂರನೇ ಬೇಸನ್ನು ಜಾಡಿಸಿ ಒದ್ದಳು. ಧೂಳೆದ್ದಿತು. ಅವಳ ಶೂವಿನ ಗುರುತು ಅದರ ಮೇಲೆ ಅಚ್ಚೊತ್ತಿದ ಹಾಗೆ ಮೂಡಿತು.

ಮೂರನೇ ಬೇಸ್ ಅಂದರೆ ನಿಜವಾದ ಬೇಸ್ ಅಲ್ಲ. ಎರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಜಯನಗರ ಒಂಬತ್ತನೇ ಬ್ಲಾಕಿನ ಈ ಸ್ಕೂಲಿಗೆ ಒಂದು ಟ್ರಂಕು ತುಂಬ ಬೇಸ್‌ಬಾಲ್ ಸಾಮಾನು ಕೊಟ್ಟಿದ್ದರು. ಬ್ಯಾಟು, ಚೆಂಡು, ಹನ್ನೆರಡು ಗ್ಲೌಸು, ನಾಲ್ಕು ಬೇಸು. ಅದರಲ್ಲಿ ಒಂದು ಬೇಸು ಮೊದಲ ಮಳೆಗಾಲದಲ್ಲೇ ಎಲ್ಲೋ ಕಳೆದುಹೋಯಿತು. ಒಂದು ಗ್ಲೌಸು ಯಾರ ಕೈಗೂ ಕೂರುತ್ತಿರಲಿಲ್ಲ. ಹೆಬ್ಬೆರಳಿನ ಜಾಗ ಆ ಕಡೆ ಇರಬೇಕಾದದ್ದು ಈ ಕಡೆ ಇತ್ತು. "ಹೊಲಿಯೋವ್ರು ಉಲ್ಟಾ ಹೊಲಿದವ್ರೆ" ಎಂದು ಎಲ್ಲರೂ ನಕ್ಕರು. ಆ ಉಲ್ಟಾ ಗ್ಲೌಸೇ ಕಳೆದುಹೋದ ಬೇಸಿನ ಜಾಗಕ್ಕೆ ಬಂತು. ಅಂದಿನಿಂದ ಎಲ್ಲರೂ ಅದನ್ನು ತುಳಿದೇ ತುಳಿದರು.

ಶ್ರೀದೇವಿ ತಲೆ ತಗ್ಗಿಸಿಕೊಂಡು ಬಂದಳು.

"ಏ, ಕೈಯಾಗ ಜೀವ ಇಲ್ಲೇನ್ ನಿಂಗ? ಹಿಡ್ಯಾಕ ಬರ್ತದ, ಒಗ್ಯಾಕ ಬರೂದಿಲ್ಲ? ನಿನ್ನಿಂದನ ಸೋತ್ವಿ!" ಜ್ಯೋತಿ ಮೈಮೇಲೆ ಬಿದ್ದ ಹಾಗೆ ಕೂಗಿದಳು. ಸಮಾಧಾನವಾಗಿದ್ದಾಗ ಅವಳು ಬೆಂಗಳೂರಿನವರ ಹಾಗೆಯೇ ಮಾತಾಡುತ್ತಿದ್ದಳು. ಸಿಟ್ಟು ಬಂದರೆ ಮಾತ್ರ ಇಳಕಲ್ ಕಡೆಯ ಊರಿನ ಮಾತು ಒದ್ದುಕೊಂಡು ಬರುತ್ತಿತ್ತು.

"ಒಗಿಯೋಕೆ ಚೆಂಡೇನು ನಿಮ್ಮನೆ ಬಟ್ಟೆನಾ?" ಎಂದಳು ಶಿಲ್ಪಶ್ರೀ. ತಂಡದಲ್ಲಿ ಬಾಯಿಗೆ ಬೀಗವಿಲ್ಲದವಳು ಅವಳೊಬ್ಬಳೇ.

"ನೀ ಸುಮ್ನಿರು! ಬೇಸಿಗೆ ಕಾಲಿಡು ಅಂದ್ರ ಬ್ಯಾಟ್ ಇಡಾಕಿ ನೀ!"

ಅದೂ ನಿಜವೇ. ಶಿಲ್ಪಶ್ರೀ ಬೀದಿಯಲ್ಲಿ ಅಣ್ಣನ ಜೊತೆ ಕ್ರಿಕೆಟ್ ಆಡಿ ಬೆಳೆದವಳು. ಚೆಂಡು ಹೊಡೆದ ಮೇಲೆ ಬ್ಯಾಟು ಬಿಟ್ಟು ಓಡಬೇಕು ಅನ್ನುವುದು ಅವಳ ತಲೆಗೆ ಹೋಗಿತ್ತು, ಕೈಗೆ ಹೋಗಿರಲಿಲ್ಲ. ಬ್ಯಾಟು ಹಿಡಿದುಕೊಂಡೇ ಓಡಿ, ಕ್ರೀಸಿಗೆ ಮುಟ್ಟಿಸಿದ ಹಾಗೆ ಬೇಸಿಗೆ ಬ್ಯಾಟು ಮುಟ್ಟಿಸಿ ನಿಂತುಬಿಡುತ್ತಿದ್ದಳು. ಕಾಲು ಹೊರಗೇ ಇರುತ್ತಿತ್ತು. ಅಂಪೈರ್ ಔಟ್ ಕೊಟ್ಟರೆ "ಯಾಕೆ ಸಾರ್, ಇಟ್ಟಿದೀನಲ್ಲ?" ಅನ್ನುವಳು. ಆವತ್ತೂ ಹಾಗೇ ಆಗಿತ್ತು.

"ಹೋಗೇ, ನೀನೊಬ್ಳೇ ಆಡ್ಕೋ!" ಶಿಲ್ಪಶ್ರೀ ಟೋಪಿ ತೆಗೆದಳು. "ಮಿಸ್, ನಾನು ಆಡಲ್ಲ. ಇವಳ ಕೈಲಿ ಬೈಸ್ಕೊಳೋಕೆ ನಮ್ಮಮ್ಮ ನನ್ನ ಹೆತ್ತಿಲ್ಲ."

"ನಾನೂ ಆಡಲ್ಲ ಮಿಸ್" ಎಂದಳು ಅವಳ ಪಕ್ಕದ ಹುಡುಗಿ.

ಶ್ರೀದೇವಿ ಗ್ಲೌಸು ಕಳಚಿ ತನ್ನ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡಳು. ಗ್ಲೌಸನ್ನು ಟ್ರಂಕಿನ ಮೇಲಿಟ್ಟು ಅವರಿಬ್ಬರ ಪಕ್ಕ ಹೋಗಿ ನಿಂತಳು.

ತಂಡದಲ್ಲಿದ್ದದ್ದು ಹನ್ನೊಂದು ಜನ. ಮೂವರು ಹೋದರೆ ಎಂಟು. ಆಟಕ್ಕೆ ಒಂಬತ್ತು ಬೇಕು.

ಪಿ.ಟಿ. ಮಿಸ್ ಗಿರಿಜಾದೇವಿ ಅಷ್ಟು ಹೊತ್ತೂ ಟ್ರಂಕಿನ ಪಕ್ಕ ಕೈಕಟ್ಟಿ ನಿಂತಿದ್ದರು. ಅವರು ಹರೆಯದಲ್ಲಿ ಖೋಖೋ ಆಡಿದವರು. ಬೇಸ್‌ಬಾಲನ್ನು ಪುಸ್ತಕ ನೋಡಿ ಮಕ್ಕಳ ಜೊತೆಯಲ್ಲೇ ಕಲಿಯುತ್ತಿದ್ದರು. ಕೂಗುವ ಅಭ್ಯಾಸ ಅವರಿಗಿರಲಿಲ್ಲ. ಅದಕ್ಕೇ ಎಲ್ಲರಿಗೂ ಅವರೆಂದರೆ ಭಯ.

"ಶುಕ್ರವಾರ ಸಾಯಂಕಾಲ ವಲಯದ ಪಂದ್ಯಕ್ಕೆ ಹೆಸರು ಕಳಿಸ್ಬೇಕು" ಎಂದರು. "ಒಂಬತ್ತು ಹೆಸರು ಇದ್ರೆ ಕಳಿಸ್ತೀನಿ. ಎಂಟಿದ್ರೆ ಟ್ರಂಕಿಗೆ ಬೀಗ. ನೀವು ಮೂವರು ಶುಕ್ರವಾರದವರೆಗೆ ಬನ್ನಿ. ಆಮೇಲೂ ಬೇಡ ಅನ್ನಿಸಿದ್ರೆ ಹೋಗಿ, ನಾನು ಕೇಳಲ್ಲ. ಜ್ಯೋತಿ, ನಾಳೆಯಿಂದ ನೀನು ಕ್ಯಾಚರ್."

"ಮಿಸ್, ನಾನು ಪಿಚರ್!"

"ಗೊತ್ತು."

"ನನ್ನಷ್ಟು ಜೋರಾಗಿ ಎಸೆಯೋರು ಯಾರಿದ್ದಾರೆ ಮಿಸ್?"

"ಯಾರೂ ಇಲ್ಲ. ಇಷ್ಟು ದಿನ ಮುಂದೆ ನಿಂತು, ಹಿಂದೆ ಇರೋರಿಗೆಲ್ಲ ಬೆನ್ನು ಹಾಕ್ಕೊಂಡು ಆಡಿದೀಯ. ಮೈದಾನದಲ್ಲಿ ಎಲ್ಲರ ಮುಖ ಕಾಣೋ ಜಾಗ ಒಂದೇ. ನಾಳೆಯಿಂದ ಅಲ್ಲಿ ಕೂತ್ಕೋ. ಹೆಸರು ಕೂಗು, ಯಾವ ಬೇಸಿಗೆ ಅಂತ ಕೂಗು. ಮೂರನೇ ಮಾತು ನಿನ್ನ ಬಾಯಿಂದ ಬರಬಾರದು."

* * *

ಬಿ.ಟಿ.ಎಂ. ಲೇಔಟಿನ ಅವರ ಒಂದು ರೂಮಿನ ಮನೆಯಲ್ಲಿ ಆವತ್ತು ಜ್ಯೋತಿಯ ಸಿಟ್ಟಿಗೆ ಜಾಗ ಸಾಲಲಿಲ್ಲ. ಬ್ಯಾಗು ಒಂದು ಮೂಲೆಗೆ ಹೋಯಿತು, ಶೂ ಇನ್ನೊಂದು ಮೂಲೆಗೆ. ಟೋಪಿಯನ್ನು ಮಾತ್ರ ಮೊಳೆಗೆ ನೇತುಹಾಕಿದಳು. ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಅಪ್ಪ ಹನಮಂತ ಕೊಡಿಸಿದ ಕೆಂಪು ಟೋಪಿ ಅದು. ಅದನ್ನು ಮುಟ್ಟಲು ತಂಡದ ಯಾರಿಗೂ ಅಪ್ಪಣೆ ಇರಲಿಲ್ಲ.

ಅವ್ವ ಯಲ್ಲವ್ವ ಪಿ.ಜಿ. ಅಡುಗೆಮನೆಯ ಕೆಲಸ ಮುಗಿಸಿ ಬಂದು, ಈಗ ಮನೆಯವರಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ಊರಾಗ ನಾ ಜೋಳದ ಹೊಲದಾಗ ನಿಂತು ಕಲ್ಲ ಒಗದ್ರ ಆ ಬದುವಿನ ಗುಬ್ಬಿ ಏಳತಿದ್ವು. ಆ ಶ್ರೀದೇವಿಗೆ ಇಲ್ಲಿಂದ ಅಲ್ಲೀತನಾ ಒಗ್ಯಾಕ ಬರೂದಿಲ್ಲ! ಆಕಿ ಸೋಲಿಸ್ತಾಳ, ಶಿಕ್ಷಾ ನಂಗ!"

"ಯಾಕ ಬರೂದಿಲ್ಲಂತ? ಕೇಳಿದೇನ್?"

"ಕೇಳೂದೇನೈತಿ ಅದ್ರಾಗ?"

ಯಲ್ಲವ್ವನ ಕೈ ನಿಲ್ಲಲಿಲ್ಲ. "ರೊಟ್ಟಿ ಹರದ್ರ ಹಿಟ್ಟಿಗೆ ಬೈತಾರೇನ? ನೀರು ಕುದಿ ಬಂದಿತ್ತೋ ಇಲ್ಲೋ ನೋಡ್ತಾರ."

"ನಂಗ ನಿನ್ನ ರೊಟ್ಟಿ ಪಾಠ ಬ್ಯಾಡ!"

"ಪಾಠ ಬ್ಯಾಡಂದ್ರ ಬಿಡು, ರೊಟ್ಟಿ ತಿನ್ನು" ಎಂದಳು ಯಲ್ಲವ್ವ. ಜ್ಯೋತಿ ಮುಖ ಗಂಟುಹಾಕಿಕೊಂಡೇ ಮೂರು ರೊಟ್ಟಿ ತಿಂದಳು.

* * *

ಕ್ಯಾಚರ್ ಅಂದರೆ ಹೋಮ್ ಪ್ಲೇಟಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಪಿಚರ್ ಎಸೆದ ಚೆಂಡು ಹಿಡಿಯಬೇಕು. ಮುಖಕ್ಕೆ ಕಂಬಿ ಕಂಬಿಯ ಮಾಸ್ಕು. ಎದೆಗೆ ಪ್ಯಾಡು. ಒಳಗೆ ಬೇರೆಯವರ ಬೆವರಿನ ವಾಸನೆ. ಮಂಗಳವಾರ ಅರ್ಧ ಗಂಟೆಗೇ ಜ್ಯೋತಿಯ ಮಂಡಿ ಹಿಡಿದುಕೊಂಡಿತು, ಅಂಗೈ ಕೆಂಪಾಯಿತು. ತಾನು ಪಿಚರ್ ಆಗಿದ್ದಾಗ ಕ್ಯಾಚರ್ ಹುಡುಗಿ "ಕೈ ಉರಿಯುತ್ತೆ ಕಣೇ, ಸ್ವಲ್ಪ ಮೆಲ್ಲಗೆ" ಎಂದರೆ, "ಮೆತ್ತನ್ ಕೈಯಾಕಿ" ಎಂದು ನಗುತ್ತಿದ್ದದ್ದು ನೆನಪಾಯಿತು. ನೆನಪಾದದ್ದಕ್ಕೂ ಸಿಟ್ಟು ಬಂತು.

ಶಿಲ್ಪಶ್ರೀ ಚೆಂಡು ಹೊಡೆದಳು. ಬ್ಯಾಟು ಹಿಡಿದುಕೊಂಡೇ ಓಡಿದಳು. ಬೇಸಿಗೆ ಬ್ಯಾಟು ಮುಟ್ಟಿಸಿ ನಿಂತಳು.

ಜ್ಯೋತಿಯ ನಾಲಿಗೆಯ ತುದಿಗೆ ಹತ್ತು ಬೈಗುಳ ಬಂದು ನಿಂತವು. ಮಿಸ್ ಅವಳನ್ನೇ ನೋಡುತ್ತಿದ್ದರು. ಜ್ಯೋತಿ ಬೈಗುಳವನ್ನೆಲ್ಲ ನುಂಗಿದಳು. ಸೀಟಿ ಹೊಡೆಯದ ಕುಕ್ಕರಿನ ಹಾಗೆ ಒಳಗೇ ಕುದಿದಳು.

ಬುಧವಾರವೂ ಕುದಿದಳು. ಆದರೆ ಬಾಯಿ ಮುಚ್ಚಿದರೆ ಕಣ್ಣಿಗೆ ಕೆಲಸ ಜಾಸ್ತಿ. ಮಾಸ್ಕಿನ ಕಂಬಿಗಳ ನಡುವೆ ಅವಳಿಗೆ ಹೊಂಗೆಮರದ ಹತ್ತಿರ ನಿಂತ ಶ್ರೀದೇವಿ ಕಾಣುತ್ತಿದ್ದಳು. ಶ್ರೀದೇವಿ ಜಿಂಕೆಯ ಹಾಗೆ ಓಡುತ್ತಿದ್ದಳು. ಎಂಥ ಚೆಂಡಾದರೂ ಎಡಗೈಯ ಗ್ಲೌಸಿನಲ್ಲಿ ಹಿಡಿಯುತ್ತಿದ್ದಳು. ಹಿಡಿದ ತಕ್ಷಣ, ಕಣ್ಣು ಮಿಟುಕಿಸುವಷ್ಟು ಹೊತ್ತು, ಗ್ಲೌಸಿದ್ದ ಆ ಎಡಗೈಯೇ ಭುಜದ ಹಿಂದಕ್ಕೆ ಹೋಗುತ್ತಿತ್ತು. ಆಮೇಲೆ ಏನೋ ತಪ್ಪಾದ ಹಾಗೆ ಕೆಳಗಿಳಿಯುತ್ತಿತ್ತು. ಚೆಂಡನ್ನು ಬಲಗೈಗೆ ತೆಗೆದುಕೊಂಡು ಎಸೆಯುವ ಹೊತ್ತಿಗೆ ಓಡುವವಳು ಎಲ್ಲೋ ಇರುತ್ತಿದ್ದಳು.

'ಏನಿದು ಈಕೀದು ನಾಟಕ?' ಎಂದುಕೊಂಡಳು ಜ್ಯೋತಿ.

* * *

ಗುರುವಾರ ಸಾಯಂಕಾಲ ಅವ್ವ ಊದಿನಕಡ್ಡಿ ತರಲು ಹೇಳಿದ್ದಳು. ರಾಗಿಗುಡ್ಡದ ಕೆಳಗಿನ ರಸ್ತೆಯಲ್ಲಿ ಸಾಲಾಗಿ ಪೂಜಾ ಸಾಮಾನಿನ ಅಂಗಡಿಗಳು. ಮೂರನೆಯದು ಶ್ರೀದೇವಿಯ ಅಪ್ಪ ಶಾಂತವೀರಪ್ಪನವರದು. ಜ್ಯೋತಿ ಅದನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗುವವಳಿದ್ದಳು. ಅಷ್ಟರಲ್ಲಿ ಏನನ್ನೋ ನೋಡಿ, ನಿಂತಿದ್ದ ಆಟೋ ಮರೆಗೆ ಸರಿದಳು.

ಹೊಸ ಮಾಲು ಬಂದಿತ್ತು. ಶಾಂತವೀರಪ್ಪನವರು ಏಣಿಯ ತುದಿಯಲ್ಲಿ ನಿಂತು ಅಟ್ಟದ ಮೇಲೆ ಊದುಬತ್ತಿಯ ಕಟ್ಟು ಜೋಡಿಸುತ್ತಿದ್ದರು. ಶ್ರೀದೇವಿ ಕೆಳಗೆ ಫುಟ್‌ಪಾತಿನಿಂದ ಒಂದೊಂದೇ ಕಟ್ಟನ್ನು ಮೇಲಕ್ಕೆಸೆಯುತ್ತಿದ್ದಳು.

ಎಡಗೈಯಲ್ಲಿ.

ಸುಯ್ಯನೆ ಹೋದ ಕಟ್ಟು ಸೀದಾ ಅಪ್ಪನ ಅಂಗೈಗೆ. ಇನ್ನೊಂದು. ಮತ್ತೊಂದು. ಅವಳು ಮೇಲೆ ನೋಡುತ್ತಲೂ ಇರಲಿಲ್ಲ. ಹಾಡೊಂದನ್ನು ಗುನುಗಿಕೊಂಡು ಎಸೆಯುತ್ತಿದ್ದಳು.

"ಒಂದು ವಿಭೂತಿಗಟ್ಟಿ ಕೊಡಮ್ಮ" ಎನ್ನುತ್ತ ಒಬ್ಬರು ವಯಸ್ಸಾದ ಹೆಂಗಸು ಬಂದರು.

ಶ್ರೀದೇವಿಯ ಎಡಗೈ ವಿಭೂತಿಯ ಡಬ್ಬಕ್ಕೆ ಹೋಯಿತು.

"ಕೈ..." ಎಂದರು ಶಾಂತವೀರಪ್ಪನವರು ಏಣಿಯ ಮೇಲಿಂದ, ಮೆಲ್ಲಗೆ.

ಎಡಗೈ ಬೆಂಕಿ ಮುಟ್ಟಿದ ಹಾಗೆ ಹಿಂದಕ್ಕೆ ಬಂತು. ಬೆನ್ನ ಹಿಂದೆ ಹೋಗಿ ಅವಿತುಕೊಂಡಿತು. ಬಲಗೈ ಮುಂದೆ ಬಂತು. ವಿಭೂತಿಗಟ್ಟಿ ಅದರಿಂದ ಜಾರಿ ನೆಲಕ್ಕೆ ಬಿದ್ದು ಪುಡಿಯಾಯಿತು.

"ನೆಟ್ಟಗೆ ಹಿಡ್ಕೋಬಾರದೇನಮ್ಮ?" ಎಂದರು ಆ ಹೆಂಗಸು.

ಜ್ಯೋತಿಯ ಕಿವಿ ಬಿಸಿಯಾಯಿತು. ಅಂದರೆ ಇವಳಿಗೆ ಎಸೆಯಲು ಬರುತ್ತದೆ! ಏಣಿಯ ತುದಿಗೆ, ನೋಡದೆ, ಹಾಡಿಕೊಂಡು ಎಸೆಯಲು ಬರುತ್ತದೆ! ಬೇಕೆಂದೇ ನಮ್ಮನ್ನು ಸೋಲಿಸಿದಳು! ಊದಿನಕಡ್ಡಿಯನ್ನು ಮರೆತೇ ಅವಳು ಬಸ್‌ಸ್ಟಾಪಿನ ಕಡೆ ದಾಪುಗಾಲು ಹಾಕಿದಳು.

* * *

ಶುಕ್ರವಾರ ಮಿಸ್ ಬರುವುದಕ್ಕೆ ಮೊದಲೇ ಜ್ಯೋತಿ ಶ್ರೀದೇವಿಯನ್ನು ಹೊಂಗೆಮರದ ಕೆಳಗೆ ಅಡ್ಡಗಟ್ಟಿದಳು.

"ಸುಳ್ಳಿ! ಎಡಗೈಲೆ ಒಗ್ಯಾಕ ಬರ್ತದ ನಿಂಗ. ನಾ ಕಣ್ಣಾರೆ ನೋಡೀನಿ. ಬೇಕಂತನ ಸೋಲಿಸಿದಿ!"

ಶ್ರೀದೇವಿಯ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಾಯಿತು. ಎರಡು ವರ್ಷದಲ್ಲಿ ಯಾರೂ ಅವಳ ದನಿ ಏರಿದ್ದು ಕೇಳಿರಲಿಲ್ಲ. ಈಗ ಏರಿತು.

"ಬೇಕಂತಾನಾ? ಬಾ ಇಲ್ಲಿ! ಬಾರೇ!"

ಜ್ಯೋತಿಯ ರಟ್ಟೆ ಹಿಡಿದು ಟ್ರಂಕಿನ ಹತ್ತಿರಕ್ಕೆ ಎಳೆದುಕೊಂಡು ಹೋದಳು. ಒಂದೊಂದೇ ಗ್ಲೌಸು ತೆಗೆದು ಜ್ಯೋತಿಯ ಕಾಲ ಬುಡಕ್ಕೆ ಹಾಕಿದಳು.

"ಇದು ಯಾವ ಕೈಗೆ? ಎಡಗೈಗೆ. ಇದು? ಎಡಗೈಗೆ. ಇದು? ಎಡಗೈಗೆ. ಎಲ್ಲಾ ಎಡಗೈಗೆ! ನನ್ನ ಎಡಗೈ ಗ್ಲೌಸೊಳಗೆ ಇರುತ್ತೆ. ಮತ್ತೆ ಎಸೆಯೋದು ಯಾವ ಕೈಲಿ? ನಿನ್ನ ಕೈಲಾ?"

ಜ್ಯೋತಿ ಬಗ್ಗಿ ಒಂದು ಗ್ಲೌಸನ್ನು ಮುಟ್ಟಿ ನೋಡಿದಳು.

"ಕೇಳಿದ್ಯಾ ನೀನು ಒಂದಿನ? 'ಕೈಯಾಗ ಜೀವ ಇಲ್ಲೇನ್' ಅಂದೆ. ಇದೆ! ಜೀವ ಇರೋ ಕೈನ ತೋರ್ಸೋ ಹಾಗಿಲ್ಲ, ಅಷ್ಟೇ. ಒಂದ್ಸಲ ಎಡಗೈಲಿ ಕುಂಕುಮ ಕೊಟ್ಟೆ ಅಂತ ಗಿರಾಕಿ ಅಲ್ಲೇ ಬಿಟ್ಟು ಹೋದ್ರು. ಆಮೇಲೆ ಒಂದು ವಾರ ನಮ್ಮಜ್ಜಿ ಊಟಕ್ಕೆ ಕೂತಾಗ ಈ ಕೈಗೆ ಟವಲ್ ಸುತ್ತಿ ಕೂರಿಸಿದ್ರು. ಸಾಕಾ? ಇನ್ನೂ ಹೇಳ್ಲಾ?"

ಶ್ರೀದೇವಿಯ ಕಣ್ಣಲ್ಲಿ ನೀರಿತ್ತು. ಅದು ಅಳುವಿನ ನೀರಲ್ಲ, ಸಿಟ್ಟಿನ ನೀರು. ಜ್ಯೋತಿಗೆ ಆ ನೀರಿನ ಪರಿಚಯ ಚೆನ್ನಾಗಿತ್ತು.

ಶಿಲ್ಪಶ್ರೀ ಮತ್ತು ಉಳಿದವರು ಸುತ್ತ ಬಂದು ನಿಂತಿದ್ದರು. ಜ್ಯೋತಿ ಕಾಲ ಬುಡದಲ್ಲಿ ಬಿದ್ದ ಗ್ಲೌಸುಗಳನ್ನು ನೋಡಿದಳು. ಹನ್ನೊಂದು. ಎಲ್ಲದರ ಹೆಬ್ಬೆರಳೂ ಒಂದೇ ಕಡೆ.

ಥಟ್ಟನೆ ತಿರುಗಿ ಓಡಿದಳು.

ಮೂರನೇ ಬೇಸನ್ನು ಟ್ರಂಕಿಗೆ ಎತ್ತಿಡುವ ಕಾಳಜಿ ಯಾರಿಗೂ ಇರಲಿಲ್ಲ; ಸೋಮವಾರ ಅವಳು ಒದ್ದ ಕಡೆಯೇ ಅದು ಸೊಟ್ಟಗೆ ಬಿದ್ದಿತ್ತು. ಅವಳ ಶೂವಿನ ಗುರುತು ಹಾಗೇ ಇತ್ತು. ಎತ್ತಿದಳು. ತೊಡೆಗೆ ಬಡಿದು ಧೂಳು ಕೊಡವಿದಳು. ಕೊಡವಿದರೂ ಶೂವಿನ ಗುರುತು ಹೋಗಲಿಲ್ಲ. ಅಂಗಿಯ ತುದಿಯಿಂದ ತಿಕ್ಕಿದಳು. ಆಗಲೂ ಪೂರ್ತಿ ಹೋಗಲಿಲ್ಲ. ಹಾಗೇ ತಂದು ಶ್ರೀದೇವಿಯ ಮುಂದೆ ಹಿಡಿದಳು.

"ಬಲಗೈ ಕೊಡು."

"ಯಾಕೆ?"

"ಕೊಡಂದ್ರ ಕೊಡು!"

ಶ್ರೀದೇವಿ ಬಲಗೈ ಚಾಚಿದಳು. ಉಲ್ಟಾ ಗ್ಲೌಸು ಅವಳ ಕೈಗೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ಗಿರಿಜಾದೇವಿ ಮಿಸ್ ಹಿಂದಿನಿಂದ ಬಂದದ್ದು ಯಾರಿಗೂ ಗೊತ್ತಾಗಿರಲಿಲ್ಲ. ಅವರು ಆ ಗ್ಲೌಸನ್ನು ನೋಡಿದರು. ಶ್ರೀದೇವಿಯ ಖಾಲಿ ಎಡಗೈಯನ್ನು ನೋಡಿದರು. ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೂತರು.

"ಎರಡು ವರ್ಷ" ಎಂದರು. "ಎರಡು ವರ್ಷ ಇದನ್ನ ನಿಮ್ಮ ಕೈಲಿ ತುಳಿಸಿದೀನಲ್ಲ ನಾನು." ಅವರಿಗೂ ಸಿಟ್ಟು ಬರುತ್ತದೆ ಎಂದು ಮಕ್ಕಳಿಗೆ ಗೊತ್ತಾದದ್ದು ಆವತ್ತೇ. ಯಾರ ಮೇಲೆ ಅನ್ನುವುದೂ ಗೊತ್ತಾಯಿತು.

ಶ್ರೀದೇವಿ ಗ್ಲೌಸನ್ನು ಮಡಿಸಿ ಬಿಚ್ಚಿ ನೋಡಿದಳು. "ಅಪ್ಪಂಗೆ ಗೊತ್ತಾದ್ರೆ?" ಎಂದಳು ಮೆಲ್ಲಗೆ.

"ಗಿರಾಕಿ ಇಲ್ದಾಗ ನಿಮ್ಮಪ್ಪನ ಕಡೇನ ಒಗೀತಿದ್ದಿಲ್ಲೇನು?" ಎಂದಳು ಜ್ಯೋತಿ. "ಇಲ್ಲಿ ಯಾವ ಗಿರಾಕಿ ಅದಾರ?"

"ನಾನಿದೀನಲ್ಲ!" ಎಂದಳು ಶಿಲ್ಪಶ್ರೀ. "ಒಂದು ಪ್ಯಾಕೆಟ್ ಕರ್ಪೂರ ಕೊಡಮ್ಮ, ಎಡಗೈಲೇ ಕೊಡು, ಪರವಾಗಿಲ್ಲ."

ಮೊದಲು ನಕ್ಕವಳು ಶ್ರೀದೇವಿಯೇ.

* * *

ಜ್ಯೋತಿ ಮಾಸ್ಕು ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತಳು. ಮಿಸ್ ಚೆಂಡನ್ನು ದೂರಕ್ಕೆ ಹೊಡೆದರು. ಶ್ರೀದೇವಿ ಓಡಿದಳು. ಹೊಸ ಕೈ ಅಲ್ಲವೇ, ಮೊದಲನೆಯದು ಗ್ಲೌಸಿಗೆ ತಗಲಿ ಕೆಳಗೆ ಬಿತ್ತು. ಎರಡನೆಯದೂ ಬಿತ್ತು. ಜ್ಯೋತಿಯ ಬಾಯಿ ತೆರೆಯಿತು, ಮುಚ್ಚಿತು.

ಮೂರನೆಯದು ನಿಂತಿತು.

"ಶ್ರೀದೇವಿ! ಹೋಮ್!"

ಹೆಸರು, ಬೇಸು. ಎರಡೇ ಮಾತು.

ಎಡಗೈ ಭುಜದ ಹಿಂದಕ್ಕೆ ಹೋಯಿತು. ಈ ಸಲ ಕೆಳಗಿಳಿಯಲಿಲ್ಲ. ಚೆಂಡು ನೆಲ ಮುಟ್ಟದೆ, ಮೈದಾನದ ಮೇಲೆ ಗೆರೆ ಎಳೆದ ಹಾಗೆ ಬಂದು ಜ್ಯೋತಿಯ ಗ್ಲೌಸಿಗೆ ಫಟ್ಟೆಂದು ಬಡಿಯಿತು. ಅಂಗೈ ಚುರ್ರೆಂದಿತು. ನೋವು ಮೊಣಕೈವರೆಗೆ ಹತ್ತಿತು.

ಜ್ಯೋತಿ ಕೈ ಕೊಡವಲಿಲ್ಲ. "ಇನ್ನೊಂದು!" ಎಂದಳು.

ಆಮೇಲೆ ಓಟದ ಸರದಿ. ಮೂರನೇ ಬೇಸೇ ಇಲ್ಲ ಅನ್ನುವುದು ಆಗ ನೆನಪಾಯಿತು. "ಇಟ್ಟಿಗೆ ಇಡೋಣ್ವಾ ಮಿಸ್?" "ಕಾಲು ತಿರುಚುತ್ತೆ ಕಣೇ." "ನಿನ್ನ ಬ್ಯಾಗ್ ಇಡು." "ನಿನ್ನದಿಡು, ನಂದ್ರಲ್ಲಿ ಟಿಫನ್ ಬಾಕ್ಸ್ ಇದೆ."

ಜ್ಯೋತಿ ತನ್ನ ಕೆಂಪು ಟೋಪಿ ತೆಗೆದಳು. ಹೋಗಿ ಮೂರನೇ ಬೇಸಿನ ಜಾಗದಲ್ಲಿ ಇಟ್ಟು ಬಂದಳು. ಯಾರ ಮುಖವನ್ನೂ ನೋಡದೆ ಮತ್ತೆ ಮಾಸ್ಕು ಏರಿಸಿಕೊಂಡಳು.

ಶ್ರೀದೇವಿ ಚೆಂಡನ್ನು ಬಲವಾಗಿ ಹೊಡೆದಳು. ಬ್ಯಾಟು ಬಿಟ್ಟು ಓಡಿದಳು. "ನೋಡೇ ಶಿಲ್ಪಿ, ಹಂಗೆ ಬಿಟ್ಟು ಓಡ್ಬೇಕು" ಎಂದು ಯಾರೋ ಕೂಗಿದರು. ಮೊದಲನೇ ಬೇಸ್. ಎರಡನೇ ಬೇಸ್. ಮೂರನೆಯದರ ಹತ್ತಿರ ಬಂದವಳು ಟೋಪಿಯನ್ನು ನೋಡಿ ಗಕ್ಕನೆ ನಿಂತುಬಿಟ್ಟಳು. ಕಾಲು ಮೇಲೆತ್ತಿದಳು. ಇಡಲಿಲ್ಲ. ಜ್ಯೋತಿಯ ಕಡೆ ನೋಡಿದಳು.

ಅತ್ತ ಚೆಂಡು ವಾಪಸ್ ಬರುತ್ತಿತ್ತು.

ಜ್ಯೋತಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಮಾಸ್ಕು ಕಿತ್ತೆಸೆದು ಎದ್ದು ನಿಂತು ಚೀರಿದಳು. "ಏ ಹುಚ್ಚೀ! ಏನ್ ನೋಡ್ತಿ? ತುಳೀ! ತುಳಿದು ಓಡ್ ಬಾ! ತುಳೀ ಅಂದ್ರ ತುಳಿಯೇ!"

ಶ್ರೀದೇವಿ ತುಳಿದಳು. ಓಡಿದಳು. ಚೆಂಡಿಗಿಂತ ಒಂದು ಹೆಜ್ಜೆ ಮೊದಲು ಹೋಮ್ ಪ್ಲೇಟಿಗೆ ಬಂದು, ನಿಲ್ಲಲಾಗದೆ ಜ್ಯೋತಿಯ ಮೇಲೆಯೇ ಬಿದ್ದಳು. ಇಬ್ಬರೂ ಧೂಳಿನಲ್ಲಿ ಉರುಳಿದರು.

"ಮೂರನೇ ಮಾತು ಆಡಿದೆ" ಎಂದರು ಗಿರಿಜಾದೇವಿ ಮಿಸ್, ಜ್ಯೋತಿಯನ್ನು ನೋಡಿ. ಬೈದ ಹಾಗೆ ಕೇಳಿಸಲಿಲ್ಲ. ಜೇಬಿನಿಂದ ಕಾಗದ ತೆಗೆದರು.

"ನನ್ನ ಹೆಸರು ಬರ್ಕೊಳಿ ಮಿಸ್" ಎಂದಳು ಶ್ರೀದೇವಿ, ಇನ್ನೂ ಏದುಸಿರು ಬಿಡುತ್ತ.

"ನಂದೂ" ಎಂದಳು ಶಿಲ್ಪಶ್ರೀ. "ಇವಳು ಬೈಯೋದು ಬಿಡಲ್ಲ ಮಿಸ್. ಆದ್ರೂ ಬರ್ಕೊಳಿ."

ಅವಳ ಪಕ್ಕದವಳೂ ತಲೆಯಾಡಿಸಿದಳು. ಮಿಸ್ ಹನ್ನೊಂದು ಹೆಸರು ಬರೆದರು.

ಕತ್ತಲಾಗುವ ಮೊದಲು ಎಲ್ಲರೂ ಸಾಮಾನು ಎತ್ತಿಟ್ಟರು. ಉಲ್ಟಾ ಗ್ಲೌಸು ಟ್ರಂಕಿನೊಳಗೆ, ಎಲ್ಲದಕ್ಕಿಂತ ಮೇಲೆ ಕೂತಿತು. ಜ್ಯೋತಿ ಹೋಗಿ ತನ್ನ ಟೋಪಿ ಎತ್ತಿಕೊಂಡಳು. ಅದರ ಮೇಲೆ ಕೆಂಪು ಕಾಣದ ಹಾಗೆ ಮಣ್ಣು. ನಡುವೆ ಒಂದು ಶೂವಿನ ಗುರುತು, ಅಚ್ಚೊತ್ತಿದ ಹಾಗೆ.

"ತೊಳೆದು ತಂದುಕೊಡ್ಲಾ?" ಎಂದು ಶ್ರೀದೇವಿ ಕೈ ಚಾಚಿದಳು. ಎಡಗೈ.

ಜ್ಯೋತಿ ಆ ಕೈಯನ್ನು ನೋಡಿದಳು. ಟೋಪಿಯ ಮೇಲಿನ ಗುರುತನ್ನು ನೋಡಿದಳು.

"ಬ್ಯಾಡ" ಎಂದಳು. ಕೊಡವದೆ, ಹಾಗೇ ತಲೆಗೆ ಹಾಕಿಕೊಂಡಳು. "ನಡಿ, ನಿಮ್ಮ ಅಂಗಡಿಗೆ ಹೋಗೂಣು. ನಂಗ ಊದಿನಕಡ್ಡಿ ಬೇಕು."